ಮೊದಲು ಪ್ರೇಕ್ಷಕರು, ಆಮೇಲೆ ಕಟ್ಟಡ: ಊರಿನ ರಂಗತಂಡ ಬೆಳೆಯುವ ಬಗೆ

ಹೊಸದಾಗಿ ನಾಟಕ ತಂಡ ಕಟ್ಟಿದ ಊರುಗಳಲ್ಲಿ ಮೊದಲ ವರ್ಷವೇ ರಂಗಮಂದಿರದ ಮಾತು ಏಳುತ್ತದೆ. ಜಾಗ ಎಲ್ಲಿ, ಶಾಸಕರ ನಿಧಿಯಿಂದ ಎಷ್ಟು ಸಿಕ್ಕೀತು, ಶಂಕುಸ್ಥಾಪನೆಗೆ ಯಾರನ್ನು ಕರೆಯೋಣ ಎಂದು ಸಭೆಗಳ ಮೇಲೆ ಸಭೆ ನಡೆಯುತ್ತವೆ. ಯಾವ ನಾಟಕ ಆಡೋಣ ಎಂಬುದು ಮಾತ್ರ ಮುಂದಿನ ಸಭೆಗೆ ಉಳಿಯುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಇಸವಿಗಳನ್ನು ಸಾಲಾಗಿ ಬರೆದು ನೋಡಿದರೆ ಈ ಅವಸರ ಬೇಡವೆಂದು ತಿಳಿಯುತ್ತದೆ. ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನಾವೆಲ್ಲ ಕರೆಯುವ ನೀನಾಸಮ್, ಹುಟ್ಟಿದ್ದು 1949ರಲ್ಲಿ. ಅದರ ಶಿವರಾಮ ಕಾರಂತ ರಂಗಮಂದಿರ ಎದ್ದದ್ದು 1972ರಲ್ಲಿ. ನಡುವೆ 23 ವರ್ಷ.

ಆ ವರ್ಷಗಳು ವ್ಯರ್ಥವಾಗಲಿಲ್ಲ. ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು ಸಂಜೆ ತಾಲೀಮು ಮಾಡಿದರು, ಅವರ ಮನೆಯವರೂ ನೆರೆಯವರೂ ಬಂದು ನೋಡಿದರು. ಸಂಘವನ್ನು ಮುನ್ನಡೆಸಿದ ಕೆ.ವಿ. ಸುಬ್ಬಣ್ಣ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಪೇಟೆಯ ನೌಕರಿ ಹಿಡಿಯದೆ ಊರಿಗೇ ಮರಳಿದರು. ತೋಟ, ನಾಟಕ, ಅಕ್ಷರ ಪ್ರಕಾಶನದ ಪುಸ್ತಕ ಮೂರನ್ನೂ ಒಟ್ಟಿಗೆ ನಡೆಸಿದರು. ರಂಗಮಂದಿರ ಬಂದ ಮರುವರ್ಷ, 1973ರಲ್ಲಿ, ಚಿತ್ರಸಮಾಜ ಶುರುವಾಗಿ ಅದೇ ಊರಿನ ಜನ ಜಗತ್ತಿನ ದೊಡ್ಡ ನಿರ್ದೇಶಕರ ಸಿನಿಮಾ ನೋಡತೊಡಗಿದರು. ಹಳ್ಳಿಯವರಿಗೆ ಇದೆಲ್ಲ ತಲೆಗೆ ಹತ್ತುವುದಿಲ್ಲ ಎಂಬ ಮಾತನ್ನು ಸುಬ್ಬಣ್ಣ ಒಪ್ಪಲಿಲ್ಲ. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ ಎಂಬ ಸಂಚಾರಿ ತಂಡ. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಸಂಘಕ್ಕೆ ನಲವತ್ತೆರಡು ವರ್ಷ. ಮೊದಲು ನೋಡುವವರು, ಆಮೇಲೆ ಮನೆ, ಆಮೇಲೆ ಕಲಿಸುವ ಶಾಲೆ, ಕೊನೆಗೆ ಊರೂರು ಸುತ್ತುವ ತಂಡ. ಈ ಕ್ರಮವನ್ನು ತಲೆಕೆಳಗು ಮಾಡಿದ ಊರುಗಳಲ್ಲಿ ರಂಗಮಂದಿರಗಳು ಮದುವೆಗೆ ಬಾಡಿಗೆ ಹೋಗುತ್ತಿವೆ.

ಎಲ್ಲ ಊರೂ ಹೆಗ್ಗೋಡಿನ ದಾರಿಯಲ್ಲೇ ಬೆಳೆಯಬೇಕಿಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಮಠವೇ ರಂಗಭೂಮಿಗೆ ಬೆನ್ನಾಗಿ ನಿಂತಿತು. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1987ರಲ್ಲಿ ಶಿವಕುಮಾರ ಕಲಾಸಂಘ ಕಟ್ಟಿದರು, ಹತ್ತು ವರ್ಷದ ನಂತರ ಶಿವಸಂಚಾರ ಎಂಬ ಸಂಚಾರಿ ತಂಡ ಹೊರಟಿತು. ಅಲ್ಲಿ ಅನ್ನ, ವಸತಿ, ಜಾಗದ ಚಿಂತೆಯನ್ನು ಮಠ ಹೊತ್ತುಕೊಂಡಿದೆ. ಮಂಡ್ಯ, ತುಮಕೂರು ಕಡೆಯ ಹಳ್ಳಿಗಳದ್ದು ಇನ್ನೊಂದು ಲೆಕ್ಕ. ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನನೋ ಕೃಷ್ಣನೋ ಆಗಬೇಕಾದವರು ತಾವೇ ದುಡ್ಡು ಹಾಕುತ್ತಾರೆ. ಪಾತ್ರ ದೊಡ್ಡದಾದಷ್ಟೂ ವಂತಿಗೆ ದೊಡ್ಡದು. ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಡ್ರೆಸ್ಸು ಎಲ್ಲ ಬಾಡಿಗೆಗೆ ಬರುತ್ತವೆ. ಆಧುನಿಕ ರಂಗಭೂಮಿಯವರು ಇದನ್ನು ಕಂಡು ಮೂಗು ಮುರಿಯುವುದುಂಟು. ಆದರೆ ಅನುದಾನದ ಒಂದು ಅರ್ಜಿಯನ್ನೂ ಬರೆಯದೆ ನಡೆಯುತ್ತಿರುವ ರಂಗಭೂಮಿ ಅದು.

ಈಗ ಕಾಗದದ ಕೆಲಸ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಸಂಘದ ಉದ್ದೇಶಗಳ ಪತ್ರ, ಬೈಲಾ, ವಿಳಾಸದ ದಾಖಲೆ ಬೇಕು. ನೋಂದಣಿ ಸುಲಭ, ಅದನ್ನು ಜೀವಂತ ಇಡುವುದು ಕಷ್ಟ. ಪ್ರತಿ ವರ್ಷ ಸರ್ವಸದಸ್ಯರ ಸಭೆ ಕರೆದು, ಆಡಿಟ್ ಆದ ಲೆಕ್ಕವನ್ನೂ ಆಡಳಿತ ಮಂಡಳಿಯ ಪಟ್ಟಿಯನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಾಲ್ಕಾರು ವರ್ಷ ಇದನ್ನು ಮರೆತು, ಅನುದಾನಕ್ಕೆ ಅರ್ಜಿ ಹಾಕುವ ದಿನ ದಂಡ ಕಟ್ಟಲು ಓಡುವ ಸಂಘಗಳು ಬಹಳ. ಆದ್ದರಿಂದ ಕಾರ್ಯದರ್ಶಿಯಾಗಿ ಒಳ್ಳೆಯ ನಟನನ್ನು ಆರಿಸಬೇಡಿ. ಬ್ಯಾಂಕಿನಿಂದಲೋ ಶಾಲೆಯಿಂದಲೋ ನಿವೃತ್ತರಾದ, ಚೀಟಿ ಎಸೆಯದ ಸ್ವಭಾವದ ಒಬ್ಬರು ಊರಿನಲ್ಲಿ ಇದ್ದೇ ಇರುತ್ತಾರೆ. ಅವರನ್ನು ಹಿಡಿಯಿರಿ. ಬ್ಯಾಂಕ್ ಖಾತೆ ಇಬ್ಬರ ಸಹಿಯಲ್ಲಿರಲಿ.

ನಾಟಕ ಆರಿಸುವಾಗ ಹಕ್ಕಿನ ವಿಚಾರ ತಿಳಿದಿರಬೇಕು. ನಮ್ಮಲ್ಲಿ ಕೃತಿಸ್ವಾಮ್ಯ ಲೇಖಕರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಕೈಲಾಸಂ ನಿಧನರಾದದ್ದು 1946ರಲ್ಲಿ, ಹಾಗಾಗಿ ಅವರ ನಾಟಕಗಳು 2007ರಿಂದ ಎಲ್ಲರ ಸ್ವತ್ತು. 1984ರಲ್ಲಿ ತೀರಿಕೊಂಡ ಶ್ರೀರಂಗರ ನಾಟಕಗಳ ಹಕ್ಕು 2044ರ ಕೊನೆಯವರೆಗೆ ಇರುತ್ತದೆ, 2019ರಲ್ಲಿ ತೀರಿಕೊಂಡ ಗಿರೀಶ ಕಾರ್ನಾಡರದ್ದು 2079ರ ಕೊನೆಯವರೆಗೆ. ಶೇಕ್ಸ್‌ಪಿಯರ್‌ಗೆ ಹಕ್ಕಿಲ್ಲ ಎಂದು ನೆಮ್ಮದಿಯಿಂದಿರುವಂತಿಲ್ಲ, ಕನ್ನಡಕ್ಕೆ ತಂದ ಅನುವಾದಕರಿಗೆ ಅವರದೇ ಹಕ್ಕಿದೆ. ಹವ್ಯಾಸಿ ಸಂಘವೊಂದು ಟಿಕೆಟ್ಟಿಲ್ಲದೆ ಪುಕ್ಕಟೆ ಆಡಿದರೆ ಕಾನೂನು ವಿನಾಯಿತಿ ಕೊಡುತ್ತದೆ. ಆದರೂ ನಾಟಕಕಾರರಿಗೋ ಅವರ ಮನೆಯವರಿಗೋ ಒಂದು ಪತ್ರ ಬರೆಯುವುದೇ ಮರ್ಯಾದೆ, ಮತ್ತು ಟಿಕೆಟ್ ಹಚ್ಚುವ ದಿನ ಅದೇ ಪತ್ರ ನಿಮ್ಮನ್ನು ಕಾಯುತ್ತದೆ.

ಮೊದಲ ನಾಟಕಕ್ಕೆ ಪಾತ್ರಗಳು ಹೆಚ್ಚಿರಲಿ, ಮಾತು ಸರಳವಿರಲಿ. ಇಪ್ಪತ್ತು ಜನ ರಂಗದ ಮೇಲಿದ್ದರೆ ಇಪ್ಪತ್ತು ಮನೆಯವರು ಎದುರು ಕೂತಿರುತ್ತಾರೆ. ಇಬ್ಬರೇ ಪಾತ್ರಧಾರಿಗಳ ಗಹನವಾದ ನಾಟಕವನ್ನು ಐದನೇ ವರ್ಷಕ್ಕೆ ಇಟ್ಟುಕೊಳ್ಳಿ. ತಾಲೀಮಿಗೆ ಸುಮಾರು ಒಂದೂವರೆ ತಿಂಗಳ ಸಂಜೆಗಳು ಬೇಕು. ಆರೂವರೆ ಎಂದರೆ ಆರೂವರೆಗೇ ಶುರುಮಾಡಿ, ಎಂಟೂವರೆಗೆ ಬಿಡಬೇಕು. ಹೆಣ್ಣುಮಕ್ಕಳು ತಂಡದಲ್ಲಿ ನಿಲ್ಲುವುದು ಹೆಚ್ಚಾಗಿ ಈ ಬಿಡುವ ಹೊತ್ತಿನ ಮೇಲೆ. ತಾಲೀಮು ತಡವಾಗಿ ಮುಗಿದು, ಮನೆ ತಲುಪಿಸುವವರು ಯಾರೆಂದು ಗೊತ್ತಿಲ್ಲದ ತಂಡದಲ್ಲಿ ಎರಡನೇ ನಾಟಕಕ್ಕೆ ಮತ್ತೆ ಗಂಡಸರೇ ಸೀರೆ ಉಡಬೇಕಾಗುತ್ತದೆ.

ಜಾಗ ಎಂದರೆ ಸಾಮಾನ್ಯವಾಗಿ ಸಮುದಾಯ ಭವನ. ಅಲ್ಲಿನ ವೇದಿಕೆ ಭಾಷಣಕ್ಕೆಂದು ಕಟ್ಟಿದ್ದು: ಆಳ ಕಡಿಮೆ, ಪಕ್ಕದಲ್ಲಿ ವಿಂಗ್ ಇಲ್ಲ, ನಟರು ಒಳಹೋಗಿ ನಿಲ್ಲಲು ಜಾಗವೇ ಇಲ್ಲ. ಬಿದಿರಿನ ಚೌಕಟ್ಟಿಗೆ ಕಪ್ಪು ಬಟ್ಟೆ ಬಿಗಿದು ಎರಡೂ ಬದಿ ಮೂರು ಮೂರು ವಿಂಗ್ ನಿಲ್ಲಿಸಿದರೆ ಅರ್ಧ ತೊಂದರೆ ತೀರುತ್ತದೆ. ಟೈಲ್ಸ್ ನೆಲ, ತಗಡಿನ ಮಾಡು ಇದ್ದಲ್ಲಿ ಮಾತು ಗುಂಯ್‌ಗುಟ್ಟುತ್ತದೆ. ಮೈಕ್ ಜೋರು ಮಾಡಿದಷ್ಟೂ ಅದು ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ನೆಲಕ್ಕೆ ಜಮಖಾನ ಹಾಸಿ ಜನರನ್ನು ಕೆಳಗೆ ಕೂರಿಸಿದರೆ, ಕಿಟಕಿಗಳಿಗೆ ದಪ್ಪ ಬಟ್ಟೆ ಕಟ್ಟಿದರೆ ಎಷ್ಟೋ ಮೇಲು. ಬೆಳಕಿಗೆ ಮೊದಲು ನಾಲ್ಕಾರು ಸ್ಪಾಟ್ ಮತ್ತು ಒಂದು ಡಿಮ್ಮರ್ ಬಾಡಿಗೆಗೆ ತಂದರೆ ಸಾಕು. ಮುಖ ಕಾಣಿಸುವುದು ಮೊದಲು, ಬಣ್ಣದ ಆಟ ಆಮೇಲೆ. ಭವನದ ಪ್ಲಗ್ಗಿನಿಂದ ವೈರು ಎಳೆಯಬೇಡಿ, ಮೀಟರ್ ಬೋರ್ಡಿನಿಂದ ಪ್ರತ್ಯೇಕ ಲೈನ್ ತೆಗೆಯಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಬಯಲಿನಲ್ಲಿ ಆಡುವುದಾದರೆ ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ ಬೇಕು, ರಾತ್ರಿ 10ರ ನಂತರ ಅದು ಬಂದ್. ಅಧ್ಯಕ್ಷರ ಭಾಷಣ ಮುಕ್ಕಾಲು ಗಂಟೆ ತಿಂದರೆ ನಾಟಕದ ಕೊನೆಯ ದೃಶ್ಯ ಮೈಕಿಲ್ಲದೆ ನಡೆಯುತ್ತದೆ. ಸನ್ಮಾನವನ್ನೆಲ್ಲ ನಾಟಕ ಮುಗಿದ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು, ಆಗ ಅದು ತಾನಾಗಿ ಚಿಕ್ಕದಾಗುತ್ತದೆ.

ಹಣದ ಲೆಕ್ಕ ಸರಳ, ಅಷ್ಟೇ ನಿಷ್ಠುರ. ಮುನ್ನೂರು ಜನ ಹಿಡಿಯುವ ಸಭಾಂಗಣ, 50 ರೂಪಾಯಿ ಟಿಕೆಟ್ ಎಂದಿಟ್ಟುಕೊಳ್ಳಿ. ಪೂರ್ತಿ ತುಂಬಿದರೂ 15,000 ರೂಪಾಯಿ. ಬೆಳಕು, ಧ್ವನಿ, ಪ್ರಸಾಧನ, ಸಾಗಾಟ, ಊಟಕ್ಕೆ ಅದು ಸಾಲುವುದು ಅಪರೂಪ. ಹೀಗಾಗಿ ಟಿಕೆಟ್ಟಿನ ಜೊತೆ ವಾರ್ಷಿಕ ಸದಸ್ಯತ್ವ ಬೇಕು. ವರ್ಷಕ್ಕೊಮ್ಮೆ ಹಣ ಕೊಟ್ಟವರು ವರ್ಷದ ನಾಟಕಗಳನ್ನೆಲ್ಲ ನೋಡಲು ಬರುತ್ತಾರೆ. ಪುಕ್ಕಟೆ ಪ್ರದರ್ಶನಕ್ಕೆ ನಾನು ಒಲವು ತೋರುವುದಿಲ್ಲ. ಇಪ್ಪತ್ತೇ ರೂಪಾಯಿ ಇರಲಿ, ಕೊಟ್ಟು ಬಂದವರು ಮಧ್ಯದಲ್ಲಿ ಎದ್ದು ಹೋಗುವುದು ಕಡಿಮೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಹಾಯಧನ, ಕೇಂದ್ರ ಸಂಸ್ಕೃತಿ ಸಚಿವಾಲಯದ ರೆಪರ್ಟರಿ ಅನುದಾನ ಇವೆ. ಅವು ಯಾವಾಗ ಕೈಸೇರುತ್ತವೆ ಎಂದು ನಂಬಿ ನಾಟಕದ ದಿನ ಗೊತ್ತುಮಾಡುವಂತಿಲ್ಲ. ಬಂದಾಗ ಅದರಿಂದ ಸ್ವಂತ ದೀಪಗಳನ್ನೋ ಪರದೆಯನ್ನೋ ಕೊಳ್ಳಿ.

ತಿರುಗಾಟದಂಥ ತಂಡ ಬದುಕಿರುವ ಬಗೆಯಲ್ಲೇ ಹೊಸಬರಿಗೆ ದೊಡ್ಡ ಅನುಕೂಲವಿದೆ. ಮಳೆಗಾಲದಲ್ಲಿ ನಾಟಕಗಳು ಸಿದ್ಧವಾಗುತ್ತವೆ, ಮಳೆ ನಿಂತ ಮೇಲೆ ನಟರು ರಂಗಸಜ್ಜಿಕೆಯೊಂದಿಗೆ ಊರಿಂದೂರಿಗೆ ಹೊರಡುತ್ತಾರೆ. ಸಜ್ಜಿಕೆಯನ್ನು ಮಡಚಿ ವಾಹನಕ್ಕೆ ಏರಿಸುವಂತೆ, ದೊಡ್ಡ ರಂಗಮಂದಿರದಲ್ಲೂ ಶಾಲೆಯ ಅಂಗಳದಲ್ಲೂ ನಿಲ್ಲುವಂತೆ ಮಾಡಿರುತ್ತಾರೆ. ಪ್ರತಿ ಊರಿನಲ್ಲಿ ಸ್ಥಳೀಯ ಸಂಘಟಕರು ಗೊತ್ತಾದ ಸಂಭಾವನೆ ಕೊಡುತ್ತಾರೆ, ಊಟ ವಸತಿ ನೋಡಿಕೊಳ್ಳುತ್ತಾರೆ, ಟಿಕೆಟ್ ಮಾರುತ್ತಾರೆ. ಅಂದರೆ ನಾಟಕ ಆಡುವುದನ್ನು ಕಲಿಯುವ ಮೊದಲೇ, ನಾಟಕ ನಡೆಸುವುದನ್ನು ನಿಮ್ಮ ಊರು ಕಲಿಯಬಹುದು. ಟಿಕೆಟ್ ಯಾರು ಮಾರಿದರು, ಜಮಖಾನ ಯಾರು ಹಾಸಿದರು, ರಾತ್ರಿ ಹನ್ನೊಂದಕ್ಕೆ ಲಾರಿಗೆ ಸಾಮಾನು ಏರಿಸಲು ಯಾರು ಉಳಿದರು ಎಂದು ಎರಡು ವರ್ಷ ಗಮನಿಸಿ ಸಂಘ ನೋಂದಾಯಿಸಿದರೆ, ಆ ಏಳು ಹೆಸರುಗಳಿಗಾಗಿ ಹುಡುಕಾಡಬೇಕಿಲ್ಲ. ತಂಡಗಳು ಹೊರಡುವ ಮೊದಲೇ ಊರುಗಳ ದಿನ ಗೊತ್ತಾಗಿರುತ್ತವೆ. ನಿಮ್ಮ ಊರಿಗೂ ಬೇಕೆಂದಿದ್ದರೆ ಮಳೆಗಾಲ ಮುಗಿಯುವುದರೊಳಗೆ ಅವರಿಗೆ ಪತ್ರ ಬರೆಯಿರಿ.