ಲೋಟದ ಬಾಯಿ ದುಂಡಗಿಲ್ಲ

ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ, ಹಳೇಬೀಡಿನ ದಾರಿ ಕವಲೊಡೆಯುವ ಊರು ಹಗರೆ. ಪ್ರವಾಸಿಗರ ಪಾಲಿಗೆ ಅದು ಕಾಫಿ ಕುಡಿದು ಮುಂದೆ ಸಾಗುವ ಜಾಗ. ನನ್ನ ಪಾಲಿಗೆ ಅಕ್ಕನ ಊರು. ಕಳೆದ ಸಂಕ್ರಾಂತಿಗೆ ಅಲ್ಲಿಗೆ ಹೋಗಿದ್ದಾಗ ಬೆಳಗಿನ ಜಾವ ಅಕ್ಕ ಬಚ್ಚಲಮನೆಯ ಹಂಡೆ ಒಲೆಗೆ ನೋಟ್ ಪುಸ್ತಕವೊಂದರ ಹಾಳೆಗಳನ್ನು ಹರಿದು ಹಾಕುತ್ತಿದ್ದಳು. ಕೈಗೆ ಸಿಕ್ಕ ನಾಲ್ಕಾರು ಹಾಳೆಗಳನ್ನು ಎಳೆದುಕೊಂಡು ನೋಡಿದೆ. ಎಲ್ಲದರಲ್ಲೂ ಕಣ್ಣುಗಳು. ಒಂದು ಹಾಳೆಗೆ ಒಂದೊಂದು ಕಣ್ಣು, ರೆಪ್ಪೆ ಎಣಿಸಿ ಬರೆದದ್ದು, ಅರ್ಧಕ್ಕೆ ಬಿಟ್ಟದ್ದು, ಉಜ್ಜಿ ಉಜ್ಜಿ ತೂತಾದದ್ದು.

ಅದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಅಕ್ಕನ ಮಗಳ ಪುಸ್ತಕ. ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರಿಲ್ಲ. ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಕೂರಬೇಕೆಂಬ ಆಸೆಯಿಂದ ಅಮ್ಮನ ಮೊಬೈಲಿನಲ್ಲಿ ಯೂಟ್ಯೂಬ್ ಪಾಠಗಳನ್ನು ನೋಡಿಕೊಂಡು ಮೂರು ತಿಂಗಳು ಕಲಿತಿದ್ದಾಳೆ. ಆಮೇಲೆ ಬಿಟ್ಟಿದ್ದಾಳೆ. "ನನ್ ಕೈಲಿ ಆಗಲ್ಲ ಬಿಡಿ ಮಾವ, ಫೋನಲ್ಲಿ ಬರೋ ಥರ ಒಂದೂ ಬರ್ಲಿಲ್ಲ" ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಮುಗಿಸಿದವರ ಧ್ವನಿ ಇತ್ತು. ಅದೇ ನನ್ನನ್ನು ಹೆಚ್ಚು ಕಾಡಿತು.

ಚಿತ್ರಕಲೆಯ ಬಗ್ಗೆ ಮಾತುಕತೆ ಪ್ರಸಾರವಾದಾಗಲೆಲ್ಲ ವೀಕ್ಷಕರು ಕೇಳುವ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ. ಇಂಟರ್‌ನೆಟ್ಟಿನಲ್ಲಿ ಪಾಠಗಳು ಬಿಟ್ಟಿಯಾಗಿ ಸಿಗುತ್ತವಲ್ಲ, ಅವನ್ನು ನೋಡಿ ಚಿತ್ರ ಬರೆಯಲು ಕಲಿಯಬಹುದೇ? ಕಲಿಯಬಹುದು ಎಂದೇ ನನ್ನ ಉತ್ತರ. ಆದರೆ ನೋಡಿದರೆ ಸಾಲದು. ಏಕೆ ಸಾಲದು ಎಂಬುದನ್ನು ಹೇಳಲು ನನ್ನದೇ ಒಂದು ತಪ್ಪನ್ನು ಮೊದಲು ಒಪ್ಪಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ಒಬ್ಬ ಕಲಾವಿದರನ್ನು ಸ್ಟುಡಿಯೋಕ್ಕೆ ಕರೆಸಿ ಮುಖಚಿತ್ರ ಬರೆಯುವುದನ್ನು ಚಿತ್ರೀಕರಿಸಿದ್ದೆ. ಅವರು ತೆಗೆದುಕೊಂಡದ್ದು 50 ನಿಮಿಷ. ನನಗೆ ಬೇಕಾಗಿದ್ದದ್ದು 9 ನಿಮಿಷ. ಎಡಿಟಿಂಗ್ ಮೇಜಿನ ಮುಂದೆ ಕುಳಿತು ನಾನು ಕತ್ತರಿಸಿ ಬಿಸಾಡಿದ್ದು ಏನನ್ನು? ಅವರು ಮೂಗನ್ನು ಎರಡು ಸಲ ಅಳಿಸಿದ್ದನ್ನು. ಪೆನ್ಸಿಲ್ ಎತ್ತಿ ಹಿಡಿದು ಸುಮ್ಮನೆ ನೋಡುತ್ತಾ ನಿಂತಿದ್ದನ್ನು. ಮಸುಕು ಗೆರೆಗಳಲ್ಲಿ ಮುಖದ ಅಳತೆ ಹುಡುಕುತ್ತಿದ್ದುದನ್ನು. ಉಳಿದದ್ದು ತಪ್ಪಿಲ್ಲದ, ತಡವರಿಸದ ಒಂದು ಕೈ. ಎಷ್ಟು ಸಲೀಸು ಎಂದು ವೀಕ್ಷಕರು ಮೆಚ್ಚಿದರು. ಕಲಿಯುವವರಿಗೆ ಬೇಕಾದ 41 ನಿಮಿಷಗಳು ಕಸದ ಬುಟ್ಟಿಯಲ್ಲಿದ್ದವು. ಇಂದಿನ ಅನೇಕ ವಿಡಿಯೋಗಳಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಗಂಟೆಗಟ್ಟಲೆಯ ಕೆಲಸವನ್ನು ವೇಗ ಹೆಚ್ಚಿಸಿ ಒಂದು ನಿಮಿಷದಲ್ಲಿ ಓಡಿಸುತ್ತಾರೆ. ಹಗರೆಯ ಹುಡುಗಿ ತನ್ನ ಗೆರೆಯನ್ನು ಹೋಲಿಸಿಕೊಂಡದ್ದು ಇಂಥದ್ದರ ಜೊತೆಗೆ.

ಬಿ.ಕೆ.ಎಸ್. ವರ್ಮಾ ಅವರನ್ನು ನೆನೆಯಿರಿ. 2023ರಲ್ಲಿ ತೀರಿಕೊಂಡ ಆ ಕಲಾವಿದರು ವೇದಿಕೆಯ ಮೇಲೆ ಹಾಡು ಮುಗಿಯುವಷ್ಟರಲ್ಲಿ ಚಿತ್ರ ಮುಗಿಸುತ್ತಿದ್ದರು. ಸಭೆ ಕಂಡದ್ದು ಆ ಕೆಲವು ನಿಮಿಷಗಳನ್ನು. ಅದರ ಹಿಂದಿದ್ದ ದಶಕಗಳ ಅಭ್ಯಾಸ ವೇದಿಕೆಗೆ ಬರುತ್ತಿರಲಿಲ್ಲ.

ನೋಡುವುದಕ್ಕೂ ಕಲಿಯುವುದಕ್ಕೂ ಇರುವ ಈ ಅಂತರವನ್ನು ಮನೋವಿಜ್ಞಾನಿಗಳು ಅಳೆದೂ ಇದ್ದಾರೆ. ಷಿಕಾಗೋ ವಿಶ್ವವಿದ್ಯಾನಿಲಯದ ಮೈಕೆಲ್ ಕಾರ್ಡಸ್ ಮತ್ತು ಎಡ್ ಓಬ್ರಿಯನ್ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮೇಜಿನ ಮೇಲೆ ತಟ್ಟೆ ಲೋಟಗಳಿರುವಾಗಲೇ ಅವು ಅಲುಗದಂತೆ ಕೆಳಗಿನ ಬಟ್ಟೆಯನ್ನು ಸರ್ರನೆ ಎಳೆಯುವ ಚಮತ್ಕಾರದ ವಿಡಿಯೋವನ್ನು ಕೆಲವರಿಗೆ ಒಂದು ಸಲ, ಕೆಲವರಿಗೆ 20 ಸಲ ತೋರಿಸಿದರು. 20 ಸಲ ನೋಡಿದವರಿಗೆ ತಮ್ಮಿಂದ ಇದು ಆಗುತ್ತದೆ ಎಂಬ ನಂಬಿಕೆ ಚೆನ್ನಾಗಿ ಬೆಳೆಯಿತು. ಇಂಥವೇ ಬೇರೆ ಬೇರೆ ಕೌಶಲಗಳನ್ನು ಮಾಡಿಸಿ ನೋಡಿದಾಗ, ಎಷ್ಟು ಸಲ ನೋಡಿದರೂ ಕೈಯ ಕೆಲಸ ಮಾತ್ರ ಸುಧಾರಿಸಿರಲಿಲ್ಲ. ಬೆಳೆದದ್ದು ನಂಬಿಕೆಯೊಂದೇ. ನಂಬಿಕೆ ಹೆಚ್ಚಾಗಿ ಕೈ ಅಲ್ಲೇ ಉಳಿದರೆ ಕಲಿಯುವವರು ದೂರುವುದು ತಮ್ಮ ಕೈಯನ್ನೇ.

ದೂರುವ ಮುನ್ನ ಕಣ್ಣನ್ನು ಸ್ವಲ್ಪ ವಿಚಾರಿಸಿಕೊಳ್ಳೋಣ. ಒಂದು ಪ್ರಯೋಗ ಮಾಡಿ. ಬಚ್ಚಲಮನೆಯ ಕನ್ನಡಿಯ ಮುಂದೆ ನಿಂತು, ಒಂದು ಕಣ್ಣು ಮುಚ್ಚಿ, ಕನ್ನಡಿಯಲ್ಲಿ ಕಾಣುವ ನಿಮ್ಮ ಮುಖದ ಸುತ್ತ ಸೋಪಿನ ಚೂರಿನಿಂದ ಗೆರೆ ಎಳೆಯಿರಿ. ಪಕ್ಕಕ್ಕೆ ಸರಿದು ಆ ಗೆರೆಯನ್ನು ಅಳೆದು ನೋಡಿ. ನಿಮ್ಮ ಮುಖದ ಅರ್ಧದಷ್ಟೇ ಇರುತ್ತದೆ. ಹಿಂದೆ ಸರಿದು ನಿಂತು ಬರೆದರೂ ಅಷ್ಟೇ. ಪ್ರತಿಬಿಂಬವು ಕನ್ನಡಿಯ ಹಿಂದೆ ನಾವು ಮುಂದಿರುವಷ್ಟೇ ದೂರದಲ್ಲಿರುವುದರಿಂದ ಕನ್ನಡಿಯ ಮೈ ಸರಿಯಾಗಿ ನಡುದಾರಿಯಲ್ಲಿ ಬರುತ್ತದೆ, ಆದ್ದರಿಂದ ಅರ್ಧ. ದಿನಾ ಮುಖ ನೋಡಿಕೊಳ್ಳುವ ನಮಗೆ ಇದು ಹೊಳೆಯುವುದೇ ಇಲ್ಲ. ಏಕೆಂದರೆ ಮಿದುಳು ಕಣ್ಣು ಕೊಟ್ಟ ಲೆಕ್ಕವನ್ನು ತಿದ್ದಿ, ತನಗೆ ಗೊತ್ತಿರುವ ಅಳತೆಯನ್ನು ಮುಂದಿಡುತ್ತದೆ. ಬದುಕಿಗೆ ಇದು ಬಹಳ ಉಪಕಾರಿ. ಚಿತ್ರ ಬರೆಯುವವರಿಗೆ ಇದೇ ತೊಡಕು.

ಈಗ ಎದುರಿಗೆ ಒಂದು ಸ್ಟೀಲ್ ಲೋಟ ಇಟ್ಟು ಬರೆಯಿರಿ. ಮೊದಲ ಸಲ ಬರೆಯುವವರು ಬಾಯಿಯನ್ನು ಬಹುತೇಕ ದುಂಡಗೆ ಬರೆಯುತ್ತಾರೆ, ತಳವನ್ನು ನೆಟ್ಟನೆಯ ಗೆರೆಯಾಗಿ ಎಳೆಯುತ್ತಾರೆ. ಬಾಯಿ ದುಂಡಗಿದೆಯೆಂದು ಗೊತ್ತು, ಮೇಜು ಸಪಾಟಾಗಿದೆಯೆಂದೂ ಗೊತ್ತು, ಗೊತ್ತಿರುವುದನ್ನು ಬರೆದರು. ಕಾಣುವುದು ಬೇರೆ. ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ಬಾಯಿ ಒಂದು ಗೆರೆಯಾಗಿಬಿಡುತ್ತದೆ. ನಿಧಾನವಾಗಿ ಇಳಿಸುತ್ತಾ ಬಂದರೆ ಆ ಗೆರೆ ಕಿರಿದಾದ ದೀರ್ಘವೃತ್ತವಾಗಿ, ಇನ್ನೂ ಕೆಳಗಿಳಿದಂತೆ ಅಗಲವಾಗಿ ಅರಳುತ್ತದೆ. ತಳವು ಬಾಯಿಗಿಂತ ಕೆಳಗಿರುವುದರಿಂದ ತಳದ ಕಮಾನು ಬಾಯಿಯ ಕಮಾನಿಗಿಂತ ಹೆಚ್ಚು ಬಾಗಿರಬೇಕು. ಇಷ್ಟು ತಿಳಿದ ದಿನ ಲೋಟ ಮೇಜಿನ ಮೇಲೆ ಕೂರುತ್ತದೆ. ಅಲ್ಲಿಯವರೆಗೆ ಅದು ಗೋಡೆಗೆ ಅಂಟಿಸಿದ ಕಾಗದ. ಲೋಟ ಬಂದರೆ ಚೊಂಬು ಬರುತ್ತದೆ, ಬಿಂದಿಗೆ ಬರುತ್ತದೆ, ಕೊನೆಗೆ ಕಣ್ಣುಗುಡ್ಡೆಯೂ ಬರುತ್ತದೆ. ನಮ್ಮ ಹುಡುಗಿ ಕೊನೆಯಿಂದ ಶುರುಮಾಡಿದ್ದಳು.

ದೂರದರ್ಶಕದ ಮೊದಲ ಚಿತ್ರಕಲಾ ಮೇಷ್ಟ್ರುಗಳಲ್ಲಿ ಒಬ್ಬರಾದ ಅಮೆರಿಕದ ಜಾನ್ ನ್ಯಾಗಿ 1946ರಲ್ಲಿ ಪಾಠ ಆರಂಭಿಸಿದ್ದು ಇಂಥ ಆಕಾರಗಳಿಂದಲೇ: ಚೆಂಡು, ಶಂಕು, ಘನ, ಕೊಳವೆ. ಬಾಬ್ ರಾಸ್ ಹೆಸರನ್ನು ಹಲವರು ಕೇಳಿರುತ್ತೀರಿ. 1983ರಿಂದ 1994ರವರೆಗೆ ಅವರು ನಡೆಸಿಕೊಟ್ಟ 403 ಕಂತುಗಳು ಈಗ ಯೂಟ್ಯೂಬಿನಲ್ಲಿ ಉಚಿತವಾಗಿ ಸಿಗುತ್ತವೆ. ನೋಡಲು ಬಲು ಹಿತ. ಆದರೆ ಅದು ತೈಲವರ್ಣದ ಪಾಠ, ಪೆನ್ಸಿಲ್ ಹಿಡಿಯುವವರಿಗೆ ಅಷ್ಟಾಗಿ ನೆರವಾಗದು. ಇಂದಿನವುಗಳ ಪೈಕಿ 'ಡ್ರಾ ಎ ಬಾಕ್ಸ್' ಎಂಬ ಉಚಿತ ಪಾಠಮಾಲೆ ನನಗೆ ಮೆಚ್ಚುಗೆಯಾಯಿತು. ಗೆರೆ, ದೀರ್ಘವೃತ್ತ, ಪೆಟ್ಟಿಗೆ, ಇವಿಷ್ಟರಿಂದ ಶುರು. 250 ಪೆಟ್ಟಿಗೆಗಳನ್ನು ಬರೆಯಿಸುತ್ತಾರೆ! ಜೊತೆಗೆ ಒಂದು ಒಳ್ಳೆಯ ಕಟ್ಟಳೆ ಇದೆ: ಚಿತ್ರಕ್ಕೆಂದು ಮೀಸಲಿಟ್ಟ ವೇಳೆಯಲ್ಲಿ ಅರ್ಧವನ್ನು ಪಾಠಕ್ಕಲ್ಲದೆ ಸುಮ್ಮನೆ ಮನಸ್ಸಿಗೆ ಬಂದದ್ದನ್ನು ಬರೆಯಲು ಬಿಡಬೇಕು. ಭಾಷೆ ಇಂಗ್ಲಿಷ್ ನಿಜ. ಕನ್ನಡದಲ್ಲಿಯೂ ಪಾಠಗಳಿವೆ, ಹುಡುಕಿ ನೋಡಿ. ಆರಿಸುವಾಗ ಒಂದು ಗುರುತು ಹೇಳುತ್ತೇನೆ. ಯಾವ ಪಾಠದಲ್ಲಿ ಮೇಷ್ಟ್ರು ತಪ್ಪು ಗೆರೆ ಎಳೆದು, ತಪ್ಪೆಂದು ತೋರಿಸಿ, ತಿದ್ದುತ್ತಾರೋ ಅದನ್ನು ನಂಬಿ.

ಆ ಪಾಠಮಾಲೆಯ ಒಂದು ಅಂಶ ನನ್ನನ್ನು ನಗಿಸಿತು. ಗೆರೆ ಎಳೆಯುವ ಮುನ್ನ ಪೆನ್ನನ್ನು ಕಾಗದಕ್ಕೆ ತಾಗಿಸದೆ ಗಾಳಿಯಲ್ಲೇ ಎರಡು ಮೂರು ಸಲ ಆಡಿಸಿ, ಬೆರಳಿನಿಂದಲ್ಲದೆ ಭುಜದಿಂದ ಒಂದೇ ಉಸಿರಿಗೆ ಎಳೆಯಬೇಕು ಎನ್ನುತ್ತಾರೆ. ಸಂಕ್ರಾಂತಿಯ ಆ ಬೆಳಿಗ್ಗೆ ನನ್ನಕ್ಕ ಸಗಣಿ ಸಾರಿಸಿದ ಅಂಗಳದಲ್ಲಿ ಮಾಡಿದ್ದು ಅದನ್ನೇ. 15 ಚುಕ್ಕಿ, ಸಂದು ಚುಕ್ಕಿಯಾಗಿ 8ರವರೆಗೆ. ಅಳತೆಪಟ್ಟಿ ಇಲ್ಲ, ದಾರ ಇಲ್ಲ. ಕೈ ಒಂದು ಕ್ಷಣ ಮೇಲೆ ತೇಲಿತು, ಆಮೇಲೆ ಎಳೆ ಬಿತ್ತು. ಭುಜದಿಂದಲೇ. "ಚಿತ್ರಗಿತ್ರ ನಮ್ಮ ಮನೇಲಿ ಯಾರ್ಗೂ ಬರಲ್ಲ ಕಣೋ" ಎಂದು ಅದೇ ಬಾಯಲ್ಲಿ ಅಂದಳು. ಆ ಚುಕ್ಕಿಗಳ ಜಾಲವನ್ನು ಕಾಗದದ ಮೇಲೆ ಇಟ್ಟರೆ ಅದನ್ನೇ ಚಿತ್ರಕಾರರು ಅಳತೆಯ ಚೌಕಟ್ಟು ಎನ್ನುತ್ತಾರೆ. ನಮ್ಮ ಭಾಷೆಯಲ್ಲಂತೂ ಅಕ್ಷರಕ್ಕೂ ಚಿತ್ರಕ್ಕೂ ಒಂದೇ ಕ್ರಿಯಾಪದ: ಎರಡನ್ನೂ ಬರೆಯುತ್ತೇವೆ.

ಹಾಗಾದರೆ ವಿಡಿಯೋವನ್ನು ಹೇಗೆ ಬಳಸಬೇಕು? ಮೊದಲು ಒಮ್ಮೆ ಪೂರ್ತಿ ನೋಡಿ ಮೊಬೈಲನ್ನು ಬೋರಲು ಹಾಕಿ. ನೆನಪಿನಿಂದ, ಎದುರಿಗಿರುವ ವಸ್ತುವನ್ನು ನೋಡಿಕೊಂಡು ಬರೆಯಿರಿ. ಸಿಕ್ಕಿಬಿದ್ದ ಜಾಗ ಗುರುತಿಟ್ಟುಕೊಂಡು, ಆ ಭಾಗವನ್ನಷ್ಟೇ ಅರ್ಧ ವೇಗದಲ್ಲಿ ಮತ್ತೆ ನೋಡಿ. ಮೊಬೈಲಿನ ತೆರೆಯಲ್ಲಿ ಕಾಣುವ ಲೋಟವನ್ನು ನಕಲು ಮಾಡಬೇಡಿ. ಅಲ್ಲಿ ಕ್ಯಾಮೆರಾ ಆಗಲೇ ಲೋಟವನ್ನು ಚಪ್ಪಟೆ ಮಾಡಿ ಕೊಟ್ಟಿರುತ್ತದೆ. ನೀವು ಕಲಿಯಬೇಕಾದ ಕೆಲಸವನ್ನೇ ಅದು ಮುಗಿಸಿಬಿಟ್ಟಿದೆ. ಡೇಟಾ ಸಾಲದವರು, ಸಿಗ್ನಲ್ ಸಿಗದವರು ಪಾಠವನ್ನು ಆ್ಯಪ್‌ನಲ್ಲೇ ಉಳಿಸಿಟ್ಟುಕೊಂಡು ನೋಡಬಹುದು. ಐದು ಪಾಠ ನೋಡುವುದಕ್ಕಿಂತ ಒಂದೇ ಪಾಠವನ್ನು ಐದು ದಿನ ಬರೆಯುವುದು ಮೇಲು.

ಅಳತೆಗೆ ಪೆನ್ಸಿಲ್ ಸಾಕು. ಮೊಣಕೈ ಬಾಗದಂತೆ ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ತುದಿಯನ್ನು ಚೊಂಬಿನ ಬಾಯಿಯ ಒಂದು ಅಂಚಿಗೆ ಹೊಂದಿಸಿ, ಇನ್ನೊಂದು ಅಂಚಿನ ಬಳಿ ಹೆಬ್ಬೆರಳ ಉಗುರಿಡಿ. ಈ ಅಳತೆ ಚೊಂಬಿನ ಎತ್ತರದಲ್ಲಿ ಎಷ್ಟು ಸಲ ಹೋಗುತ್ತದೆ ಎಂದು ಎಣಿಸಿ. ಎಸ್ಸೆಸ್ಸೆಲ್ಸಿಯಲ್ಲಿ ಬಾಯಿಪಾಠ ಮಾಡಿದ ಸಮರೂಪ ತ್ರಿಭುಜಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಕಣ್ಣಿನಿಂದ ಪೆನ್ಸಿಲಿಗೆ ಇರುವ ದೂರ ಬದಲಾಗದಿದ್ದರೆ ಮಾತ್ರ ಅನುಪಾತ ಸರಿ ಬರುವುದು, ಮೊಣಕೈ ಬಾಗಬಾರದೆನ್ನುವುದು ಅದಕ್ಕೇ. ಪೆನ್ಸಿಲ್ 2ಬಿ ಇರಲಿ. ಸೀಸದಕಡ್ಡಿ ಎಂದು ಕರೆದರೂ ಅದರಲ್ಲಿ ಸೀಸವಿಲ್ಲ. ಗ್ರಾಫೈಟ್ ಪುಡಿಯನ್ನು ಜೇಡಿಮಣ್ಣಿನೊಡನೆ ಬೆರೆಸಿ ಸುಡುವ ವಿಧಾನವನ್ನು ಫ್ರಾನ್ಸಿನ ಕಾಂಟೆ 1795ರಲ್ಲಿ ರೂಪಿಸಿದ. ಮಣ್ಣು ಹೆಚ್ಚಾದರೆ ಗಡಸು, ಗೆರೆ ತೆಳು. ಗ್ರಾಫೈಟ್ ಹೆಚ್ಚಾದರೆ ಮೆದು, ಗೆರೆ ಕಪ್ಪು.

ವಿಡಿಯೋ ಕೊಡಲಾರದ್ದು ಒಂದಿದೆ: ತಿದ್ದುವ ಕಣ್ಣು. ಬೇಲೂರಿನ ದೇವಾಲಯದಲ್ಲಿ ಹೆಸರು ಕೆತ್ತಿಕೊಂಡ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಒಬ್ಬರ ಪಕ್ಕ ಒಬ್ಬರು ಕುಳಿತು ಕೆಲಸ ಮಾಡಿದವರು. ಮಗನ ಉಳಿ ತಪ್ಪುವ ಮೊದಲೇ ತಂದೆ ಕಂಡಿರಬೇಕು. ಒಬ್ಬರೇ ಕಲಿಯುವವರಿಗೆ ಆ ಭಾಗ್ಯವಿಲ್ಲ, ಆದರೆ ಉಪಾಯಗಳಿವೆ. ಬರೆದದ್ದನ್ನು ಕನ್ನಡಿಯಲ್ಲಿ ನೋಡಿ. ಲಿಯೊನಾರ್ಡೊ ಡ ವಿಂಚಿ ಕೊಟ್ಟ ಸಲಹೆ ಅದು. ಎಡಬಲ ಅದಲುಬದಲಾದಾಗ ಓರೆಯಾದ ಗೆರೆ ತಾನೇ ಎದ್ದು ಕಾಣುತ್ತದೆ. ಬೆಟ್ಟಿ ಎಡ್ವರ್ಡ್ಸ್ 1979ರ ತಮ್ಮ ಪುಸ್ತಕದಲ್ಲಿ ಮಾದರಿ ಚಿತ್ರವನ್ನು ತಲೆಕೆಳಗಾಗಿಟ್ಟು ಬರೆಯಿಸುತ್ತಾರೆ. ಮಿದುಳಿನ ಬಲಭಾಗ, ಎಡಭಾಗದ ಬಗ್ಗೆ ಅವರು ಕೊಟ್ಟ ವಿವರಣೆಯನ್ನು ವಿಜ್ಞಾನಿಗಳು ಹಾಗೆಯೇ ಒಪ್ಪುವುದಿಲ್ಲ. ಅಭ್ಯಾಸ ಮಾತ್ರ ಫಲ ಕೊಡುತ್ತದೆ. ತಲೆಕೆಳಗಾದಾಗ ಮೂಗು ಮೂಗಾಗಿ ಉಳಿಯದೆ ಬರಿಯ ಗೆರೆಯಾಗುತ್ತದಲ್ಲ.

ಯುಗಾದಿಗೆ ಮತ್ತೆ ಹೋದಾಗ ಸೊಸೆಯನ್ನು ಹಳೇಬೀಡಿಗೆ ಕರೆದುಕೊಂಡು ಹೋದೆ. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಹೊರಗಿನವರಿಗೆ ಅವು ಇನ್ನಷ್ಟು ಪರಿಚಿತವಾಗಿವೆ. ಹಗರೆಯ ಮಕ್ಕಳಿಗೆ ಅವು ಶಾಲಾ ಪ್ರವಾಸದಲ್ಲಿ ಓಡಿ ಮುಗಿಸಿದ ಜಾಗ. ಹೊಯ್ಸಳೇಶ್ವರನ ಗುಡಿ ಪೂರ್ವಕ್ಕೆ ಮುಖ ಮಾಡಿದೆ; ಶಿಲ್ಪಗಳು ಕಿಕ್ಕಿರಿದ ಹಿಂಭಾಗಕ್ಕೆ ಬಿಸಿಲು ಓರೆಯಾಗಿ ಬೀಳುವುದು ಮಧ್ಯಾಹ್ನದ ಮೇಲೆ. ಆ ಹೊತ್ತಿಗೆ ಗೋಡೆಯ ತಳದ ಆನೆಸಾಲಿನ ಮುಂದೆ ಕುಳಿತೆವು. ಒಂದು ಆನೆ, ಅರ್ಧ ಗಂಟೆ. ತಲೆ ಒಂದು ಚೆಂಡು, ಕಾಲು ಒಂದು ಕೊಳವೆ. ಅವಳದು ಆನೆಯಂತಿತ್ತು. ನನ್ನದು ಹಂದಿಗೆ ಸೊಂಡಿಲು ಬಂದಂತಿತ್ತು. ಬಿ.ಎಸ್ಸಿ. ಓದುವಾಗ ಪ್ರಾಣಿಶಾಸ್ತ್ರದ ರೆಕಾರ್ಡಿನಲ್ಲಿ ಕಪ್ಪೆಯ ಚಿತ್ರಗಳನ್ನು ಗೆಳೆಯನಿಂದ ಬರೆಯಿಸಿಕೊಂಡಿದ್ದ ಪಾಪ ಅಂದು ಕಳೆಯಿತು.

ಆ ಗುಡಿಗಳ ಕಲ್ಲನ್ನು ನಮ್ಮವರು ಬಳಪದ ಕಲ್ಲು ಎನ್ನುತ್ತಾರೆ. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿ. ಸ್ಲೇಟಿನ ಮೇಲೆ ಅಕ್ಷರ ತಿದ್ದುತ್ತಿದ್ದ ಬಳಪವೂ ಅದೇ ಜಾತಿಯದು. ಇದನ್ನು ಹೇಳಿದಾಗ ಹುಡುಗಿ ಗೋಡೆಯ ಆನೆಯನ್ನೂ ತನ್ನ ಪುಸ್ತಕವನ್ನೂ ಒಮ್ಮೆ ನೋಡಿ, ಏನೂ ಅನ್ನದೆ ಎರಡನೆಯ ಆನೆ ಶುರುಮಾಡಿದಳು.

ಪರೀಕ್ಷೆಗೆ ಅರ್ಜಿ ಹಾಕುವ ಮಾತನ್ನು ಅವಳು ಇನ್ನೂ ಎತ್ತಿಲ್ಲ. ಹೊಸ ಪುಸ್ತಕದಲ್ಲಿ 23 ಚೊಂಬುಗಳಿವೆ, ಪ್ರತಿಯೊಂದರ ಕೆಳಗೆ ತಾರೀಖು. ನಾನು ಹೊರಡುವ ದಿನ ಅಡಿಗೆಮನೆಯಿಂದ ಬಂದ ಅಕ್ಕ ಸೆರಗಿನಲ್ಲಿ ಕೈ ಒರಸಿಕೊಳ್ಳುತ್ತಾ ಕೊನೆಯ ಚೊಂಬನ್ನು ಸ್ವಲ್ಪ ಹೊತ್ತು ನೋಡಿದಳು. "ತಳದ ಎಳೆ ಇನ್ನೊಂಚೂರು ಜೋಲಬೇಕು ಕಣೇ" ಎಂದಳು. ಹುಡುಗಿ ರಬ್ಬರ್ ಹುಡುಕತೊಡಗಿದಳು.