ಆರೈಕೆಯ ಹೊತ್ತಿಗೆ ಲೆಕ್ಕ ಸಿಕ್ಕ ಬಗೆ

ಅಂಗವಿಕಲ ಮಗುವಿನ ದಿನನಿತ್ಯದ ಆರೈಕೆಗೆ ಸರ್ಕಾರ ಹಣ ಕೊಡಬೇಕೆ, ಕೊಟ್ಟರೆ ಎಷ್ಟು ಎಂಬ ವಿವಾದ ಕರ್ನಾಟಕದಲ್ಲಿ ಬಹುಕಾಲ ಮಾಸಾಶನದ ಚೌಕಟ್ಟಿನೊಳಗೇ ನಡೆದುಬಂದಿತು. ಅಂಗವಿಕಲರಿಗಾಗಿ ಬಂದ 1995ರ ಕೇಂದ್ರ ಕಾಯ್ದೆ ಶೇ 40ರಷ್ಟು ವೈಕಲ್ಯವನ್ನು ಸೌಲಭ್ಯಗಳ ಅರ್ಹತೆಯಾಗಿ ಗೊತ್ತುಮಾಡಿದ ಮೇಲೆ, ವೈದ್ಯಕೀಯ ಮಂಡಳಿ ಬರೆದುಕೊಟ್ಟ ಶೇಕಡಾವಾರು ಅಂಕಿಯೇ ಮಾಸಾಶನದ ಮೊತ್ತಕ್ಕೂ ಆಧಾರವಾಯಿತು. ಆ ಅಂಕಿ ಅಳೆಯುವುದು ದೇಹದ ಊನವನ್ನು. ಮಗುವಿನ ಪಕ್ಕದಲ್ಲಿ ಇನ್ನೊಬ್ಬರು ಎಷ್ಟು ಹೊತ್ತು ಇರಬೇಕೆಂಬುದನ್ನು ಅದು ಹೇಳುವುದಿಲ್ಲ. ಮುಂದಿನ ತಕರಾರುಗಳ ಬೇರು ಇಲ್ಲಿಯೇ ಇದೆ.

ಶೃಂಗೇರಿ ತಾಲ್ಲೂಕಿನ ನೆಮ್ಮಾರಿನಂಥ, ತೋಟಗಳ ನಡುವೆ ಮನೆಗಳು ಚದುರಿರುವ ಊರುಗಳಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ತೀವ್ರ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿಗಾದ ಹಾನಿಯಿಂದ ಸ್ನಾಯುಗಳ ಹತೋಟಿ ತಪ್ಪುವ ಸ್ಥಿತಿ ಇರುವ ಮಗುವಿಗೆ ಕತ್ತು ಆನಿಸಿ ಹಿಡಿದು ಗಂಜಿಯನ್ನು ಚಮಚದಲ್ಲಿ ಉಣಿಸಬೇಕು, ಬೆನ್ನು ಹುಣ್ಣಾಗದಂತೆ ರಾತ್ರಿ ಎದ್ದೆದ್ದು ಮಗ್ಗುಲು ಬದಲಿಸಬೇಕು, ಮಳೆಗಾಲದಲ್ಲಿ ಒದ್ದೆಬಟ್ಟೆಗಳನ್ನು ಬಚ್ಚಲೊಲೆಯ ಕಾವಿಗೆ ಒಣಹಾಕಬೇಕು. ಇದಕ್ಕಾಗಿ ತೋಟದ ಕೆಲಸ ಬಿಟ್ಟು ಮನೆಯಲ್ಲುಳಿದ ತಾಯಿ ಕಳೆದುಕೊಳ್ಳುವ ಕೂಲಿ ಯಾವ ಪ್ರಮಾಣಪತ್ರದಲ್ಲೂ ನಮೂದಾಗುವುದಿಲ್ಲ.

ಇಂಥ ನಷ್ಟವನ್ನು ಸಾರ್ವಜನಿಕ ಪ್ರಶ್ನೆಯಾಗಿಸಿದವರಲ್ಲಿ ಕೇರಳದ ಕಾಸರಗೋಡಿನ ತಾಯಂದಿರು ಮೊದಲ ಸಾಲಿನಲ್ಲಿದ್ದಾರೆ. ಕನ್ನಡ, ತುಳು ಮಾತಾಡುವ ಎಣ್ಮಕಜೆಯೂ ಸೇರಿದಂತೆ ಆ ಜಿಲ್ಲೆಯ ಸರ್ಕಾರಿ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಲಾಗಿತ್ತು. ಅದರ ವಿಷದಿಂದ ಅಂಗವಿಕಲರಾದ ಮಕ್ಕಳೂ ಸೇರಿದಂತೆ ಬಾಧಿತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಕೇರಳಕ್ಕೆ ಆದೇಶಿಸಿತು. ಆದರೆ 2022ರ ಮೇ ತಿಂಗಳಲ್ಲಿ ವಿಷಯ ಮತ್ತೆ ನ್ಯಾಯಾಲಯದ ಮುಂದೆ ಬಂದಾಗ, 3,704 ಬಾಧಿತರಲ್ಲಿ ಪರಿಹಾರ ತಲುಪಿದ್ದು ಎಂಟೇ ಜನರಿಗೆ. ಐದು ವರ್ಷಗಳ ಈ ವಿಳಂಬಕ್ಕೆ ಯಾವ ಸಮರ್ಥನೆಯೂ ಸಾಲದು. ಈ ಪರಿಹಾರದಿಂದ ಬೇರೆಯಾಗಿ, ಆರೈಕೆ ಮಾಡುವವರಿಗೇ ತಿಂಗಳಿಗೆ 600 ರೂಪಾಯಿ ಕೊಡುವ ‘ಆಶ್ವಾಸಕಿರಣಂ’ ಯೋಜನೆಯೂ ಕೇರಳದಲ್ಲಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಂಬಳವಿಲ್ಲದೆ ದುಡಿಯುವ ತಂದೆತಾಯಿಯರನ್ನೂ ‘ಆರೈಕೆದಾರ’ರೆಂದು ಕರೆದು, ದಿನದ ಕೆಲಸಗಳಿಗೆ ತೀವ್ರ ನೆರವು ಬೇಕಾದವರಿಗೆ ಆರೈಕೆ ಭತ್ಯೆಯ ಪ್ರಸ್ತಾಪ ಮಾಡಿತು. ಆದರೆ ಆ ಪ್ರಸ್ತಾಪವಿರುವ 24ನೇ ಕಲಮೇ ಈ ಹೊಣೆಯನ್ನು ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಗೆ ಒಳಪಡಿಸಿದ್ದರಿಂದ, ಕೊಡದಿರುವುದಕ್ಕೆ ಕಾನೂನಿನಲ್ಲೇ ಒಂದು ಸಬೂಬು ಉಳಿದುಕೊಂಡಿತು.

ಹಾಗಿದ್ದರೂ ಆರೈಕೆಯ ಹೊತ್ತನ್ನು ಲೆಕ್ಕಹಾಕಲು ಬರುವುದಿಲ್ಲವೆಂದಲ್ಲ. ಟ್ರ್ಯಾಕ್ಟರ್ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡ ಹನ್ನೆರಡು ವರ್ಷದ ಬಾಲಕಿಯೊಬ್ಬಳ ವಿಮಾ ಪರಿಹಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ, ಒಬ್ಬರೇ ಇಡೀ ದಿನ ನೋಡಿಕೊಳ್ಳಲಾರರೆಂದು ಇಬ್ಬರು ಸಹಾಯಕರಿಗೆ ತಿಂಗಳಿಗೆ ತಲಾ 5,000 ರೂಪಾಯಿಯಂತೆ ಎಣಿಸಿ, ಆರೈಕೆಗೆಂದೇ 21,60,000 ರೂಪಾಯಿ ಗೊತ್ತುಮಾಡಿತು. ಹುಟ್ಟಿನಿಂದಲೇ ಅಷ್ಟೇ ಆರೈಕೆ ಬೇಡುವ ಮಗುವಿಗೆ ಇಂಥ ಪರಿಹಾರ ಕೇಳಲು ಎದುರಿಗೆ ವಿಮಾ ಕಂಪನಿಯಿಲ್ಲ. ಸೆರೆಬ್ರಲ್ ಪಾಲ್ಸಿಯೂ ಸೇರಿದಂತೆ ಕೆಲವು ಸ್ಥಿತಿಗಳವರ ಆರೈಕೆದಾರರಿಗೆ ಕರ್ನಾಟಕ ತಿಂಗಳಿಗೆ 1,000 ರೂಪಾಯಿ ಘೋಷಿಸಿತಾದರೂ, ಅದು ಕಾಯಿಲೆಯ ಹೆಸರು ನೋಡಿ ಕೊಡುವ ಹಣವಾದ್ದರಿಂದ, ಪಟ್ಟಿಯಲ್ಲಿಲ್ಲದ ಸ್ಥಿತಿಯ ಮಕ್ಕಳ ಮನೆಯವರು ಹಳೆಯ ಮಾಸಾಶನವನ್ನೇ ನೆಚ್ಚಿಕೊಂಡಿದ್ದಾರೆ.