ಅವಳಿಗಳನ್ನು ಬೇರ್ಪಡಿಸಿದಾತ

ನನ್ನ ಬಾಲ್ಯದ ಕೊಳ್ಳೇಗಾಲದಲ್ಲಿ ಮದುವೆಯ ಮೆರವಣಿಗೆ ಬಂತೆಂದರೆ ಮೊದಲು ಕಾಣುತ್ತಿದ್ದವರು ಮದುಮಕ್ಕಳಲ್ಲ, ತಲೆಯ ಮೇಲೆ ಗ್ಯಾಸ್‌ಲೈಟು ಹೊತ್ತವರು. ಹನೂರು, ಯಳಂದೂರುಗಳ ಕಡೆ ಕಂಸಾಳೆಯವರು ಇರುಳೆಲ್ಲ ಮಾದಪ್ಪನ ಕಥೆ ಹಾಡುತ್ತಿದ್ದುದೂ ಆ ಬೆಳಕಿನಲ್ಲಿಯೇ. ಅಲ್ಲಿ ಬೆಳಗುತ್ತಿದ್ದುದು ಸೀಮೆಎಣ್ಣೆಯ ಉರಿಯಲ್ಲ; ಉರಿಯ ಸುತ್ತ ಕಟ್ಟಿದ ಪುಟ್ಟ ಬಲೆಯ ಚೀಲ, ಮ್ಯಾಂಟಲ್. ಬೆರಳು ತಾಕಿದರೆ ಪುಡಿಯಾಗುವ ಈ ಚೀಲದ ಹಿಂದೆ ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್‌ನ (1858–1929) ತಪಸ್ಸಿದೆ.

ವಿರಳ ಭಸ್ಮ ಧಾತುಗಳೆಂಬ ಲೋಹಗಳ ಗುಂಪೊಂದುಂಟು. ಅವುಗಳನ್ನು ಅರಿಯುವಲ್ಲಿನ ತೊಡಕು ವಿರಳತೆಗಿಂತಲೂ ಸಾದೃಶ್ಯ. ಒಂದೇ ಖನಿಜದಲ್ಲಿ ಬೆರೆತು, ಗುಣದಲ್ಲಿ ಒಂದನ್ನೊಂದು ಹೋಲುವ ಅವುಗಳನ್ನು ಬಿಡಿಸುವುದು ದುಸ್ತರ. ಸ್ವೀಡನ್ನಿನ ಮೊಸಾಂಡರ್ 1839ರಲ್ಲಿ ಲ್ಯಾಂಥನಮ್ಮನ್ನು ಕಂಡುಹಿಡಿದ. ಕೆಲವೇ ವರ್ಷಗಳಲ್ಲಿ ಅದರ ಸಂಗಾತಿಗೆ ಅವಳಿಯೆಂಬ ಅರ್ಥದಲ್ಲಿ ಡಿಡಿಮಿಯಮ್ ಎಂದು ಹೆಸರಿಟ್ಟ. 1869ರ ಮೆಂಡಲೀಫನ ಕೋಷ್ಟಕದಲ್ಲಿಯೂ ಅದು ಒಂದು ಧಾತುವೆಂದೇ ಮನ್ನಣೆ ಪಡೆದಿತ್ತು.

ಹೈಡಲ್‌ಬರ್ಗಿನಲ್ಲಿ ಬುನ್ಸೆನ್ನನ ಶಿಷ್ಯನಾಗಿದ್ದ ಔವರ್ ಆ ಒಂದನ್ನು ಶೋಧಿಸಹೊರಟ. ಲವಣವನ್ನು ಕರಗಿಸುವುದು, ಹರಳುಗಟ್ಟಿಸುವುದು, ಉಳಿದ ದ್ರವವನ್ನು ಬೇರೆಮಾಡುವುದು, ಮತ್ತೆ ಕರಗಿಸುವುದು. ಪ್ರತಿಸಲವೂ ದೊರೆಯುವುದು ಕೂದಲೆಳೆಯಷ್ಟು ವ್ಯತ್ಯಾಸ. ಕೊನೆಗೆ 1885ರಲ್ಲಿ ಡಿಡಿಮಿಯಮ್ ಎರಡಾಯಿತು. ಹಸುರು ಲವಣಗಳನ್ನು ಕೊಡುವುದು ‘ಹಸುರು ಅವಳಿ’, ಪ್ರೆಸಿಯೊಡೈಮಿಯಮ್. ನಸುಗೆಂಪು-ನೇರಿಳೆಯ ಲವಣಗಳದು ‘ಹೊಸ ಅವಳಿ’, ನಿಯೋಡೈಮಿಯಮ್.

ಆ ವರ್ಷವೇ ಆತ ಮ್ಯಾಂಟಲ್‌ಗೂ ಪೇಟೆಂಟ್ ಪಡೆದ. ಹತ್ತಿಯ ಬಲೆಯನ್ನು ಇಂಥ ಧಾತುಗಳ ಲವಣದಲ್ಲಿ ನೆನೆಸಿ ಸುಟ್ಟರೆ, ನೂಲು ಹೋಗಿ ಭಸ್ಮದ ಬಲೆ ಉಳಿಯುತ್ತದೆ. ಕಾದಾಗ ಅದು ಬೆಳಗುತ್ತದೆ. ಮೊದಲಿನವು ಹಸುರುಛಾಯೆಯವು, ಜನ ಮೆಚ್ಚಲಿಲ್ಲ. ಬಳಿಕ ಥೋರಿಯಮ್ ಹಿಡಿದ. ಅದನ್ನು ಶುದ್ಧಗೊಳಿಸಿದಷ್ಟೂ ಬೆಳಕು ಕುಂದುತ್ತ ಬಂದುದು ಸೋಜಿಗ! ಬೆಳಗುತ್ತಿದ್ದುದು ಅದರೊಳಗೆ ಕಲ್ಮಷವಾಗಿ ಉಳಿದಿದ್ದ ಸೀರಿಯಮ್. 1891ರಲ್ಲಿ ಯಶಸ್ವಿಯಾದ ಮ್ಯಾಂಟಲ್ಲಿನ ಭಸ್ಮದಲ್ಲಿ ಥೋರಿಯಮ್ಮಿನದು ನೂರಕ್ಕೆ 99 ಪಾಲು, ಸೀರಿಯಮ್ಮಿನದು 1.

ಈ ಥೋರಿಯಮ್ಮಿಗಾಗಿ ಯೂರೋಪು ಮೊನಜೈಟ್ ಖನಿಜವನ್ನು ಅರಸಿತು. 1909ರಲ್ಲಿ ಜರ್ಮನಿಯ ಶೋಂಬರ್ಗ್ ತಿರುವಾಂಕೂರಿನ ಕಡಲಮರಳಿನಲ್ಲಿ ಅದನ್ನು ಗುರುತಿಸಿದ. ದೂರದ ಬೀದಿಗಳ ದೀಪಕ್ಕೆ ನಮ್ಮ ದಕ್ಷಿಣದ ಮರಳು ಹೋಯಿತು.

ಗ್ಯಾಸ್‌ಲೈಟು ಈಗ ಮೆರವಣಿಗೆಗಳಿಂದ ಮರೆಯಾಗಿದೆ. ಆದರೆ ಈ ಮಾತನ್ನು ಪುಟ್ಟ ಇಯರ್‌ಫೋನಿನಲ್ಲಿ ಕೇಳುತ್ತಿರುವವರ ಕಿವಿಗೆ ಇದನ್ನು ಮುಟ್ಟಿಸುತ್ತಿರುವುದು ಬಹುಶಃ ಆ ‘ಹೊಸ ಅವಳಿ’ಯ ಕಾಂತವೇ.

ಸಮಾನಾರ್ಥಕಗಳೆಂದು ನಿಘಂಟು ಜೊತೆಗಿಟ್ಟ ಎರಡು ಪದಗಳ ಅಂತರವನ್ನು ವಿದ್ಯಾರ್ಥಿಗಳಿಗೆ ತೋರಿಸುವುದರಲ್ಲಿ ಆಯುಷ್ಯ ಕಳೆದವನು ನಾನು. ಔವರನ ಪಾಠ ನನಗೆ ಆಪ್ತವೆನಿಸುವುದು ಅದಕ್ಕಾಗಿಯೇ: ಒಂದೆಂದು ತೋರುವುದನ್ನು ಒಂದೆಂದು ಒಪ್ಪಿಬಿಡುವ ಆತುರ ಬೇಡ, ಕಲ್ಮಷವೆಂದು ತೋರುವುದನ್ನು ಚೆಲ್ಲಿಬಿಡುವ ಆತುರವೂ ಬೇಡ.